ತಕ್ಕಡಿ ಹಿಡಿದು ಬರುತ್ತಿದ್ದ ಟೀಚರ್

ಕಳೆದ ಸೋಮವಾರ ಬೆಳಗ್ಗೆ ಬಂಟ್ವಾಳದ ಬಿ.ಸಿ.ರೋಡಿನ ಗುಜರಿ ಅಂಗಡಿಯೊಂದರ ಮುಂದೆ ಹಳೆಯ ಅಂಗನವಾಡಿಯ ಸಾಮಾನುಗಳನ್ನು ಟೆಂಪೋದಿಂದ ಇಳಿಸಿದರು. ಕಾಲು ಮುರಿದ ಪುಟ್ಟ ಕುರ್ಚಿಗಳು, ತುಕ್ಕು ಹಿಡಿದ ಡಬ್ಬಗಳು, ಅಂಚು ಹರಿದ ವರ್ಣಮಾಲೆಯ ಚಾರ್ಟು. ಅವುಗಳ ನಡುವೆ, ಕೊಕ್ಕೆಗೆ ನೇತುಹಾಕಿ ಎಳೆಮಕ್ಕಳನ್ನು ತೂಗುವ ಒಂದು ತಕ್ಕಡಿ ಇತ್ತು. ಗುಂಡಗಿನ ಮುಖ, ಕೆಂಪು ಮುಳ್ಳು, ಮಗುವನ್ನು ಕೂರಿಸಲು ಕೆಳಗೆ ಚಡ್ಡಿಯ ಆಕಾರದ ಬಟ್ಟೆಯ ಚೀಲ. ಯಾರನ್ನೂ ತೂಗದೆಯೇ ಮುಳ್ಳು ಎರಡು ಕಿಲೋ ತೋರಿಸುತ್ತಿತ್ತು.

ಇಂಥ ತಕ್ಕಡಿ ಊರೂರಲ್ಲಿ ಇತ್ತು. ಇದು ನನಗೆ ಗೊತ್ತಿದ್ದ ತಕ್ಕಡಿಯೇ ಎನ್ನಲು ನನ್ನಲ್ಲಿ ಆಧಾರವಿಲ್ಲ. ಆದರೆ ಅದನ್ನು ನೋಡಿದಾಗ, ನನ್ನನ್ನು ಕಂಡರೆ ಆಗದ ಒಬ್ಬರು ನೆನಪಾದರು. ಅವರನ್ನು ಕಂಡರೆ ನನಗೂ ಆಗುತ್ತಿರಲಿಲ್ಲ. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆ ಅವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಬಂಟ್ವಾಳದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ತಾವು ತೂಗಿದ ಮಕ್ಕಳು ದೊಡ್ಡವರಾದ ಮೇಲೂ ಅವರ ಲೆಕ್ಕ ಬಿಡುತ್ತಿರಲಿಲ್ಲ. ಏಳನೇ ತರಗತಿ ಮುಗಿಸಿದ ಹುಡುಗಿಯೊಬ್ಬಳು ಜೂನಿನಲ್ಲಿ ಶಾಲೆಗೆ ಬರದಿದ್ದರೆ ಎಲ್ಲಿ ಹೋದಳು ಎಂದು ವಿಚಾರಿಸುತ್ತಿದ್ದರು. ಪೇಟೆಯ ದೊಡ್ಡ ಮನೆಯಲ್ಲಿ ಸಣ್ಣಪುಟ್ಟ ಕೆಲಸ, ಜೊತೆಗೆ ಓದಿಸುತ್ತಾರೆ ಎಂಬ ಉತ್ತರ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸಿಕ್ಕಿತು. ಕರೆದುಕೊಂಡು ಹೋದವನು ಮಾತ್ರ ಒಬ್ಬನೇ ಆಗಿದ್ದ. ಅಲ್ಲಿಂದ ಅವರ ಎರಡನೇ ಕೆಲಸ ಶುರುವಾಯಿತು. ನಿವೃತ್ತಿಯ ನಂತರ ಮೂಡುಬಿದಿರೆಯಲ್ಲಿ ಬಾಡಿಗೆ ಮನೆ ಹಿಡಿದು, ಇಂಥ ಮಕ್ಕಳನ್ನು ವಾಪಸು ಕರೆತಂದು ಅವರ ಬೆನ್ನಿಗೆ ನಿಲ್ಲುವ ಒಂದು ಸಣ್ಣ ಸಂಸ್ಥೆಯ ಜೊತೆ ಸೇರಿಕೊಂಡರು.

ನಾನು ಆಗ ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳಿಗೆ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಬೆಳ್ತಂಗಡಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ನಡೆದ ಒಂದು ಸಭೆಯಲ್ಲಿ ಅವರನ್ನು ಮೊದಲು ಕಂಡೆ. ಚಹಾದ ಹೊತ್ತಿಗೆ ಹತ್ತಿರ ಹೋಗಿ, ಇತ್ತೀಚೆಗೆ ವಾಪಸಾದ ಮಕ್ಕಳ ವಿವರ ಕೊಟ್ಟರೆ ಒಂದು ಒಳ್ಳೆಯ ವರದಿ ಮಾಡಬಹುದು ಎಂದೆ. ಅವರು ಲೋಟ ಕೆಳಗಿಡಲಿಲ್ಲ.

"ಮಕ್ಕಳು ಸಿಕ್ಕಿದ ದಿನ ನೀವು ಪೇಪರಿನವರು ಬರ್ತೀರಿ. ಮರುದಿನ ಆ ಮಗುವಿಗೆ ಹೊಟ್ಟೆನೋವು ಬಂದ್ರೆ ನಿಮ್ಮಲ್ಲಿ ಯಾರಿಗೆ ಫೋನ್ ಮಾಡುವುದು?"

ಪಕ್ಕದಲ್ಲಿದ್ದವರು ನಕ್ಕರು. ಆ ನಗು ನನಗೆ ಬಹಳ ದಿನ ಕಿವಿಯಲ್ಲಿತ್ತು.

ಅವರ ಕೆಲಸದ ಕ್ರಮವನ್ನು ನಾನು ತಿಳಿದದ್ದು ಬೆಳ್ತಂಗಡಿ ಕಡೆಯ ಇನ್ನೊಬ್ಬ ಅಂಗನವಾಡಿ ಟೀಚರಿಂದ. ವಾಪಸು ಬಂದ ಹುಡುಗಿಯ ಮನೆಗೆ ಅವರು ಜೀಪಿನಲ್ಲಿ ಹೋಗುತ್ತಿರಲಿಲ್ಲ, ಪೊಲೀಸರ ಜೊತೆಗೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಬಂದು ಇಳಿಯುವಾಗ ಕೈಯಲ್ಲಿ ತಕ್ಕಡಿ ಇರುತ್ತಿತ್ತು. ಆ ಊರಿನ ಅಂಗನವಾಡಿಗೆ ಮೊದಲೇ ಹೇಳಿಟ್ಟಿರುತ್ತಿದ್ದರು. ಹೋಗಬೇಕಾದದ್ದು ಒಂದು ಮನೆಗಾದರೂ ಆ ಸಾಲಿನ ಏಳೆಂಟು ಮನೆಗಳಿಗೂ ಹೋಗುತ್ತಿದ್ದರು. ಕಿಟಕಿಯ ಸರಳಿಗೆ ಕೊಕ್ಕೆ ಸಿಕ್ಕಿಸಿ ಮಕ್ಕಳನ್ನು ತೂಗಿ, ಚಹಾ ಕುಡಿದು, ಮೊಣಕಾಲು ನೋವಿನ ಕತೆ ಹೇಳಿ ಮುಂದಿನ ಮನೆ. ಮಗುವಿನ ತೂಕ ನೋಡಲು ಬಂದ ಹೆಂಗಸನ್ನು ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಇವತ್ತು ನಮ್ಮ ಬೆಕ್ಕನ್ನೂ ಒಮ್ಮೆ ತೂಗಿ ಹೋಗಿ ಎಂದು ತಮಾಷೆ ಮಾಡುವವರೂ ಇದ್ದರಂತೆ. ಆ ಒಂದು ಮನೆಯಲ್ಲಿ ಅವರು ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದರು. ಅಷ್ಟೇ ವ್ಯತ್ಯಾಸ.

ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಅಕ್ಕಪಕ್ಕದ ಪ್ರತಿ ಮನೆಯಲ್ಲಿ, ಯಾರೂ ಕೇಳದೆಯೇ, ಆ ಹುಡುಗಿ ಇಷ್ಟು ದಿನ ಎಲ್ಲಿದ್ದಳು ಎಂಬುದಕ್ಕೆ ಒಂದು ಕಾರಣ ಬಿಟ್ಟು ಬರುತ್ತಿದ್ದರು. ದೂರದ ಚಿಕ್ಕಮ್ಮನ ಮನೆಯಲ್ಲಿದ್ದಳಂತೆ, ಅಲ್ಲಿ ಶಾಲೆಗೆ ತುಂಬಾ ನಡೆಯಬೇಕಂತೆ, ಅದಕ್ಕೆ ಬಂದುಬಿಟ್ಟಳಂತೆ. ನಾವು ಒಂದು ಕಾರಣ ಕೊಡದಿದ್ದರೆ ಊರಿನವರು ತಾವೇ ಒಂದು ಮಾಡಿಕೊಳ್ಳುತ್ತಾರೆ, ಅದು ನಮ್ಮದಕ್ಕಿಂತ ಕೆಟ್ಟದಾಗಿರುತ್ತದೆ ಎನ್ನುವುದು ಅವರ ಲೆಕ್ಕ.

ನಮ್ಮಿಬ್ಬರ ನಡುವೆ ಕೊನೆಯವರೆಗೂ ಉಳಿದ ಪ್ರಕರಣ ಹನ್ನೊಂದು ವರ್ಷ ಹಿಂದಿನದು. ಹುಡುಗಿಗೆ ಆಗ ಹದಿನಾಲ್ಕು. ಬೆಳ್ತಂಗಡಿ ತಾಲೂಕಿನವಳು ಎಂದಷ್ಟೇ ಬರೆಯುತ್ತೇನೆ. ಓದಿಸುವ ಮಾತು ಕೊಟ್ಟು ಆಕೆಯನ್ನು ಕರೆದೊಯ್ದವನು ಶಾಲೆಗೆ ಪ್ರತಿ ವರ್ಷ ಪುಸ್ತಕ ಹಂಚುತ್ತಿದ್ದ, ಊರಿನಲ್ಲಿ ಮರ್ಯಾದೆ ಇದ್ದ, ಪೇಟೆಯ ಮನೆಗಳಿಗೆ ಕೆಲಸದವರನ್ನು ಒದಗಿಸುವ ಏಜೆಂಟ್. ಒಂದು ನಗರದ ಒಂದು ಮನೆ, ಅಲ್ಲಿಂದ ಇನ್ನೊಂದು ಜಾಗ... ಆ ಎರಡನೇ ಜಾಗದ ಬಗ್ಗೆ ತೀರ್ಪಿನಲ್ಲಿ ಎರಡು ಪುಟ ಇದೆ. ಅದನ್ನು ನಾನು ಒಮ್ಮೆ ಮಾತ್ರ ಓದಿದ್ದೇನೆ. ಅಲ್ಲಿನ ಪಕ್ಕದ ಮನೆಯವರೊಬ್ಬರು ಪೊಲೀಸರಿಗೆ ತಿಳಿಸಿದ್ದರಿಂದ ಹುಡುಗಿ ಸಿಕ್ಕಿದಳು. ಟೀಚರ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಹೋಗಿ ಹಗಲು ಬಸ್ಸಿನಲ್ಲಿ, ಎಲ್ಲ ಪ್ರಯಾಣಿಕರ ಹಾಗೆ, ಕರೆತಂದರು.

ಮೂಡುಬಿದಿರೆಯ ಒಂದು ಶಾಲೆ ಆಕೆಯನ್ನು ಎಂಟನೇ ತರಗತಿಗೆ ಹಾಸ್ಟೆಲ್ ಸಮೇತ ಸೇರಿಸಿಕೊಳ್ಳಲು ಒಪ್ಪಿತ್ತು. ಮುಖ್ಯ ಶಿಕ್ಷಕರೊಬ್ಬರಿಗೆ ಬಿಟ್ಟು ಬೇರಾರಿಗೂ ವಿಷಯ ಗೊತ್ತಿರಲಿಲ್ಲ. ಟಿ.ಸಿ.ಯಲ್ಲಿ ಒಂದು ವರ್ಷ ಖಾಲಿ ಇದ್ದುದಕ್ಕೂ ದಾರಿ ಮಾಡಲಾಗಿತ್ತು. ಶಾಲೆ ಶುರುವಾಗಲು ಒಂಬತ್ತು ದಿನ ಇತ್ತು. ಬೆಂಚಿನ ಮೇಲೆ ಕೂತ ಐವತ್ತು ಮಕ್ಕಳಲ್ಲಿ ಒಬ್ಬಳಾಗಿ ಆಕೆ ಕೂರಬೇಕು, ಯಾರೂ ತಿರುಗಿ ನೋಡಬಾರದು. ಟೀಚರಿಗೆ ಬೇಕಾಗಿದ್ದದ್ದು ಇಷ್ಟೇ.

ಅದೇ ವಾರ ಏಜೆಂಟನ ಬಂಧನವಾಯಿತು. ನಾನು ವರದಿ ಬರೆದೆ. ಹುಡುಗಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ಶಾಲೆಯ ಹೆಸರಿಲ್ಲ, ಚಿತ್ರವಿಲ್ಲ. ಕಾನೂನು ಏನು ಹೇಳುತ್ತದೋ ಅದನ್ನೆಲ್ಲ ಪಾಲಿಸಿದೆ ಎಂದುಕೊಂಡಿದ್ದೆ. ಐದನೇ ಪ್ಯಾರಾದಲ್ಲಿ, ಠಾಣೆಯಲ್ಲಿ ಮಾತಿಗೆ ಮಾತು ಬಂದು ತಿಳಿದ ಒಂದು ಸಂಗತಿ ಸೇರಿಸಿದೆ. ಆ ಹುಡುಗಿ ಏಳನೇ ತರಗತಿಯಲ್ಲಿದ್ದಾಗ ಶಾಲೆಗೆ ಒಂದು ಬಹುಮಾನ ತಂದುಕೊಟ್ಟವಳು ಎಂಬ ಒಂದು ವಾಕ್ಯ. ಬಹುಮಾನ ಯಾವುದರಲ್ಲಿ ಎಂದೂ ಬರೆದಿದ್ದೆ, ಈಗ ಬರೆಯುವುದಿಲ್ಲ. ಓದುಗರಿಗೆ ಹುಡುಗಿ ಕಣ್ಣಿಗೆ ಕಟ್ಟಬೇಕು ಎಂದು ಹಾಕಿದ್ದು. ಸುದ್ದಿ ತಿದ್ದುವ ಡೆಸ್ಕಿನಿಂದ ಫೋನ್ ಬಂತು, ಆ ಸಾಲು ಚೆನ್ನಾಗಿದೆ ಎಂದರು. ಶೀರ್ಷಿಕೆಯ ಕೆಳಗೆ ಅದನ್ನೇ ಎತ್ತಿ ದಪ್ಪಕ್ಷರದಲ್ಲಿ ಹಾಕಿದರು.

ಪತ್ರಿಕೆ ಬಂದ ಮರುದಿನ ಬೆಳಗ್ಗೆ ಹತ್ತೂವರೆಗೆ ಟೀಚರ್ ಬಿ.ಸಿ.ರೋಡಿನ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನವರು, ಏದುಸಿರು ಬಿಡುತ್ತಿದ್ದರು. ಕುರ್ಚಿ ಎಳೆದುಕೊಟ್ಟೆ. ಕೂರಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟರು.

"ಇದು ಯಾರಿಗೋಸ್ಕರ ಬರೆದದ್ದು?"

ಹೆಸರು ಹಾಕಲಿಲ್ಲವಲ್ಲ ಟೀಚರ್, ಎಂದೆ.

"ಹೆಸರು ಹಾಕಿದ್ರೆ ಚೆಂದ ಇತ್ತು ಮಾರಾಯ್ರೆ. ಆ ಹೆಸರಿನವರು ಊರಲ್ಲಿ ನಾಲ್ಕು ಮಂದಿ ಇದ್ದಾರೆ. ಈ ಬಹುಮಾನ ತಂದವಳು ಒಬ್ಬಳೇ."

ಒಂದು ಸ್ಪಷ್ಟೀಕರಣ ಪ್ರಕಟಿಸಬಹುದು ಎಂದೆ. ಅವರು ಪತ್ರಿಕೆ ಮಡಚಿದರು.

"ಹಾಕಿ. ನಿನ್ನೆ ಓದದಿದ್ದವರೂ ನಾಳೆ ಓದ್ತಾರೆ."

ಮೆಟ್ಟಿಲು ಇಳಿದರು. ಒಂದೊಂದೇ ಮೆಟ್ಟಿಲು, ಕೈ ಗೋಡೆಗೆ ಕೊಟ್ಟು... ಕೆಳಗೆ ತಲುಪುವ ತನಕ ಚಪ್ಪಲಿಯ ಸದ್ದು ಕೇಳುತ್ತಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ.

ಆ ದಿನಗಳಲ್ಲಿ ಆದದ್ದು ಇಷ್ಟು. ಹಳ್ಳಿಯ ಹೋಟೆಲಿನಲ್ಲಿ ಪತ್ರಿಕೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. ಆ ಪುಟದ ಚಿತ್ರ ಮಧ್ಯಾಹ್ನದೊಳಗೆ ಮೊಬೈಲುಗಳಲ್ಲಿ ಓಡಾಡಿತು. ಮೂಡುಬಿದಿರೆಯ ಶಾಲೆಯಿಂದ ಟೀಚರಿಗೆ ಫೋನ್ ಬಂತು. ಬೇರೆ ಪೋಷಕರು ಕೇಳಿದರೆ ಏನು ಹೇಳುವುದು, ಈ ವರ್ಷ ಬೇಡ, ಮುಂದಿನ ವರ್ಷ ನೋಡುವ ಎಂದರು. ಹುಡುಗಿಯ ತಾಯಿ ಬೀಡಿ ಕಟ್ಟುವವರು. ಗುತ್ತಿಗೆದಾರನಿಗೆ ಬೀಡಿ ಕೊಡಲು ಹೋದಾಗ ಸಾಲಿನಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿದರಂತೆ. ಬಹುಮಾನದ ಸಂಗತಿ ಪತ್ರಿಕೆಗೆ ಹೋದದ್ದು ಟೀಚರಿಂದಲೇ ಎಂದು ಆ ತಾಯಿ ನಂಬಿದರು. ಮುಂದಿನ ವಾರ ಟೀಚರ್ ತಕ್ಕಡಿ ಹಿಡಿದು ಹೋದಾಗ ಬಾಗಿಲು ಅರ್ಧ ಮಾತ್ರ ತೆರೆಯಿತು.

"ನೀವು ತೂಗಿದ್ದು ಸಾಕು ಟೀಚರೇ" ಎಂದರಂತೆ. ಇದನ್ನು ನನಗೆ ಹೇಳಿದವರೂ ಅದೇ ಬೆಳ್ತಂಗಡಿ ಕಡೆಯ ಟೀಚರ್. ಜೊತೆಗಿದ್ದವರು ಅವರು.

ಕೊನೆಗೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಹುಡುಗಿ ಸಂಸ್ಥೆಯ ಆಶ್ರಯಕ್ಕೆ ಬಂದಳು. ಶಾಲೆಯ ಬೆಂಚು ಸಿಗಲಿಲ್ಲ. ಟೀಚರ್ ತಾವೇ ಕೂರಿಸಿ ಓದಿಸಿದರು.

ಆ ನಂತರ ನಾನಿರುವ ಸಭೆಯಲ್ಲಿ ಟೀಚರ್ ಬಾಯಿ ಬಿಡುತ್ತಿರಲಿಲ್ಲ. ಉಜಿರೆಯಲ್ಲಿ ಒಮ್ಮೆ ಕಾಲೇಜಿನ ಮಕ್ಕಳ ಮುಂದೆ ಮಾತಾಡಲು ಎದ್ದವರು ನನ್ನನ್ನು ಕಂಡು, ಅಗೋ ಅವರು ಹೊರಗೆ ಹೋದ ಮೇಲೆ ಮಾತಾಡ್ತೇನೆ ಎಂದು ಕೂತುಬಿಟ್ಟರು. ಇನ್ನೂರು ವಿದ್ಯಾರ್ಥಿಗಳು ತಿರುಗಿ ನೋಡಿದರು. ನಾನು ಎದ್ದು ಹೋದೆ. ಕಾನೂನಿನ ಪ್ರಕಾರ ತಪ್ಪು ಮಾಡದವನನ್ನು ಹೀಗೆ ನಡೆಸಿಕೊಳ್ಳುವುದು ಅನ್ಯಾಯ ಎಂದೇ ಆಗ ನನಗೆ ಅನಿಸಿತ್ತು.

ಅದಾಗಿ ಎರಡು ತಿಂಗಳಿಗೆ, ನಿವೃತ್ತ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಸರಕಾರಿ ತಕ್ಕಡಿ ಹಿಡಿದು ಅಧಿಕಾರವಿಲ್ಲದೆ ಮನೆಮನೆಗೆ ಹೋಗುತ್ತಿದ್ದಾರೆ ಎಂದು ಒಂದು ದೂರು ದಾಖಲಾಯಿತು. ಕೊಟ್ಟವರು ಏಜೆಂಟನ ಕಡೆಯವರು, ಅದು ನನಗೆ ಗೊತ್ತಿತ್ತು. ದಾಖಲಾದ ದೂರು ಸುದ್ದಿಯೇ. ನಾಲ್ಕು ಸಾಲಿನಲ್ಲಿ ಮುಗಿಯುವುದನ್ನು ನಾನು ಮೂರು ಕಾಲಂ ಮಾಡಿದೆ. ಅವರ ಪ್ರತಿಕ್ರಿಯೆಗಾಗಿ ಫೋನ್ ಮಾಡಿದ್ದೆ. ನನ್ನ ದನಿ ಕೇಳಿ ಇಟ್ಟುಬಿಟ್ಟರು. "ಪ್ರತಿಕ್ರಿಯೆಗೆ ನಿರಾಕರಿಸಿದರು" ಎಂದು ಬರೆದೆ. ಒಂದಕ್ಷರವೂ ಸುಳ್ಳಿರಲಿಲ್ಲ. ವಾರದೊಳಗೆ ಇಲಾಖೆಯವರು ತಕ್ಕಡಿಯನ್ನು ವಾಪಸು ಪಡೆದರು. ಆಮೇಲೆ ಟೀಚರ್ ಖಾಲಿ ಕೈಯಲ್ಲಿ ಹೋಗುತ್ತಿದ್ದರಂತೆ, ಯಾಕೆ ಬಂದಿರಿ ಎಂದು ಈಗ ಎಲ್ಲ ಮನೆಗಳಲ್ಲೂ ಕೇಳುತ್ತಿದ್ದರಂತೆ.

ಪ್ರಕರಣ ವರ್ಷಗಟ್ಟಲೆ ಎಳೆಯಿತು. ವಿಚಾರಣೆ ಮಂಗಳೂರಿನ ನ್ಯಾಯಾಲಯದಲ್ಲಿ, ಮುಚ್ಚಿದ ಬಾಗಿಲಿನೊಳಗೆ. ನಾನು ವರಾಂಡದಲ್ಲಿದ್ದೆ. ಒಳಗೆ ನಡೆದದ್ದೆಲ್ಲ ನನಗೆ ತಿಳಿದದ್ದು ನಂತರ ತೀರ್ಪಿನ ಪ್ರತಿಯಿಂದ. ಹುಡುಗಿ ತನಗಾದದ್ದನ್ನು ಒಂದೂ ಬಿಡದೆ ಹೇಳಿದಳು. ತಾಯಿ ಪ್ರತಿಕೂಲ ಸಾಕ್ಷಿಯಾದರು. ಪತ್ರಿಕೆಯಲ್ಲಿ ಬಂದದ್ದು ಸುಳ್ಳು ಎಂದು ಕೋರ್ಟಿನಲ್ಲಿ ಹೇಳಿದರೆ ಮಗಳ ಹೆಸರು ಉಳಿಯುತ್ತದೆ ಎಂದು ಏಜೆಂಟನ ಕಡೆಯವರು ಅವರ ತಲೆಗೆ ತುಂಬಿದ್ದರು. ಮಗಳು ಆ ವರ್ಷ ದೂರದ ಚಿಕ್ಕಮ್ಮನ ಮನೆಗೆ ಹೋಗಿದ್ದಳು, ಏಜೆಂಟ್ ಆಕೆಯನ್ನು ಕರೆದುಕೊಂಡು ಹೋದದ್ದೇ ಇಲ್ಲ ಎಂದರು ಆ ತಾಯಿ. ಅದನ್ನು ಸಮರ್ಥಿಸಲು ಏಜೆಂಟನ ವಕೀಲರು ಅಕ್ಕಪಕ್ಕದ ಮನೆಗಳ ಇಬ್ಬರು ಹೆಂಗಸರನ್ನು ಕರೆಸಿದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಹುಡುಗಿ ಚಿಕ್ಕಮ್ಮನ ಮನೆಯಲ್ಲಿದ್ದಳು ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದಾಗ, ಮಗುವನ್ನು ತೂಗಲು ಬಂದ ಟೀಚರ್ ಎಂದರು.

ಟೀಚರನ್ನು ಮತ್ತೆ ಕಟಕಟೆಗೆ ಕರೆದರು. ಹೀಗೆ ಹೇಳಿದ್ದು ನಿಜವೇ ಎಂದು ವಕೀಲರು ಕೇಳಿದರು. ಎಷ್ಟು ಮನೆಗಳಲ್ಲಿ ಹೇಳಿದಿರಿ ಎಂದೂ ಕೇಳಿದರು. ತೀರ್ಪಿನಲ್ಲಿ ಅವರ ಉತ್ತರ ಒಂದೇ ಸಾಲು: ಹೌದು, ನಾನೇ ಹೇಳಿದ್ದು, ಏಳು ಮನೆಗಳಲ್ಲಿ ಹೇಳಿದ್ದೇನೆ.

ಯಾಕೆ ಹೇಳಿದೆ ಎಂಬುದನ್ನೂ ಅವರು ವಿವರಿಸಿದ್ದರು. ಅದು ಮುಂದಿನ ಸಾಲಿನಲ್ಲಿದೆ. ಕರೆದೊಯ್ದವನು ಇವನೇ ಎಂಬುದರಲ್ಲಿ ಉಳಿದ ಅನುಮಾನದ ಲಾಭ ಆರೋಪಿಗೆ ಸಿಕ್ಕಿತು. ಏಜೆಂಟ್ ಖುಲಾಸೆಯಾದ.

ಅವತ್ತು ಮಧ್ಯಾಹ್ನ ನ್ಯಾಯಾಲಯದ ವರಾಂಡದ ಬೆಂಚಿನಲ್ಲಿ ಟೀಚರ್ ಒಬ್ಬರೇ ಕೂತಿದ್ದರು. ಚಪ್ಪಲಿ ಕಳಚಿ ಕಾಲು ಉಜ್ಜಿಕೊಳ್ಳುತ್ತಿದ್ದರು. ಹುಡುಗಿಯನ್ನು ಬೇರೆ ಬಾಗಿಲಿನಿಂದ ಕಳಿಸಿಯಾಗಿತ್ತು. ಏಜೆಂಟನ ಕಡೆಯವರು ಅಂಗಳದಲ್ಲಿ ಕೈಕುಲುಕುತ್ತಿದ್ದರು. ಒಬ್ಬ ನಮಗೆ ಕೇಳಿಸುವ ಹಾಗೆ, ಇನ್ನು ಟೀಚರನ್ನೇ ತೂಗಿ ನೋಡಬೇಕು ಎಂದ. ಅವರು ಆ ಕಡೆ ತಿರುಗಲಿಲ್ಲ. ನಾನು ಹಾದು ಹೋಗುವಾಗ ಕರೆದರು. ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

"ಬನ್ನಿ, ಕೂತುಕೊಳ್ಳಿ. ಇವತ್ತು ನಿಮ್ಮನ್ನು ಬೈಲಿಕ್ಕೆ ನನಗೆ ಬಾಯಿ ಇಲ್ಲ."

ಕೂತೆ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೆ.

"ನೀವು ಬರೆದದ್ದು ನಿಜ. ನಾನು ಹೇಳಿದ್ದು ಸುಳ್ಳು. ಎರಡೂ ಸೇರಿ ಆ ಹುಡುಗಿಯ ಬುಡಕ್ಕೆ ಬಂತು ನೋಡಿ."

ಹಾಗಲ್ಲ ಟೀಚರ್, ನೀವು ಒಳ್ಳೆಯದಕ್ಕೇ ಹೇಳಿದ್ದು ಎಂದೆ. ಅವರ ಮುಖ ಮತ್ತೆ ಗಂಟಾಯಿತು.

"ನೀವೂ ಒಳ್ಳೆಯದಕ್ಕೇ ಬರೆದದ್ದು ಅಂತ ಹೇಳಿಸಿಕೊಳ್ಳುವ ಅಂದಾಜಾ? ಅದು ಆಗ್ಲಿಕ್ಕಿಲ್ಲ."

ಕಾಲು ಮತ್ತೊಮ್ಮೆ ಉಜ್ಜಿಕೊಂಡು, ಇದನ್ನು ಬರೆಯಬೇಡಿ ಎಂದರು. ನಾನು ತಲೆಯಾಡಿಸಿದೆ. ಚಪ್ಪಲಿ ಮೆಟ್ಟಿಕೊಂಡು ಎದ್ದು ನಿಂತವರು, "ನಾನು ಸತ್ತ ಮೇಲೆ ಬೇಕಾದ್ದು ಬರೀರಿ. ಓದ್ಲಿಕ್ಕೆ ನಾನಿರುವುದಿಲ್ಲ, ಅಷ್ಟು ಪುಣ್ಯ ಉಂಟು" ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದರು. ನಮ್ಮ ನಡುವೆ ಅದೇ ಕೊನೆಯ ಮಾತು. ರಾಜಿಯಾಯಿತು ಎಂದು ನಾನು ಹೇಳಲಾರೆ.

ಅವರು ತೀರಿಕೊಂಡ ದಿನ ಡೆಸ್ಕಿನವರು ನಾಲ್ಕು ಸಾಲಿನ ನಿಧನ ವಾರ್ತೆ ಕೇಳಿದರು. ವಯಸ್ಸು, ಕುಟುಂಬದ ವಿವರಕ್ಕಾಗಿ ಸಂಸ್ಥೆಗೆ ಫೋನ್ ಮಾಡಿದೆ. ಎತ್ತಿದ್ದು ಒಬ್ಬ ಯುವತಿ. ನನ್ನ ಪತ್ರಿಕೆಯ ಹೆಸರು ಹೇಳಿದ ಕೂಡಲೇ, ಬೇಡ ಎಂದಳು. ನಾಲ್ಕೇ ಸಾಲು ಎಂದೆ.

"ನಾಲ್ಕು ಸಾಲಿನಲ್ಲಿ ನೀವು ಎಂತೆಲ್ಲ ಮಾಡ್ತೀರಿ ಅಂತ ನಮಗೆ ಗೊತ್ತುಂಟು."

ನಾನು ವಾರ್ತೆ ಕಳಿಸಲಿಲ್ಲ. ಬೇರೆ ಪತ್ರಿಕೆಗಳಲ್ಲೂ ಬರಲಿಲ್ಲ.

ಅಂತ್ಯಕ್ರಿಯೆಗೆ ಹೋಗಿದ್ದೆ. ಮೂಡುಬಿದಿರೆಯ ಆ ಬಾಡಿಗೆ ಮನೆಯ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದೆ. ಒಳಗೆ ಹೋಗುವ ಸಲಿಗೆ ನನಗಿರಲಿಲ್ಲ. ಅಂಗಳದಲ್ಲಿ ಇಪ್ಪತ್ತು, ಮೂವತ್ತರ ವಯಸ್ಸಿನ ಹೆಂಗಸರು ಬಹಳ ಮಂದಿ ಇದ್ದರು. ಕೆಲವರ ಸೊಂಟದಲ್ಲಿ ಮಕ್ಕಳು. ಬ್ಯಾಂಕಿನ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡೇ ಬಂದ ಒಬ್ಬಾಕೆ, ನರ್ಸಿನ ಸಮವಸ್ತ್ರದ ಒಬ್ಬಾಕೆ, ಟೈಲರಿಂಗ್ ಅಂಗಡಿಯಿಂದ ನೇರವಾಗಿ ಬಂದಂತೆ ಕೊರಳಲ್ಲಿ ಅಳತೆಪಟ್ಟಿ ಇದ್ದ ಇನ್ನೊಬ್ಬಾಕೆ. ಟೀಚರ್ ಮೊದಲು ತೂಗಿದ ಮಕ್ಕಳು ಯಾರು, ನಂತರ ಕರೆತಂದವರು ಯಾರು, ಅಕ್ಕಪಕ್ಕದ ಮನೆಯವರು ಯಾರು ಎಂದು ಹೇಳುವಂತಿರಲಿಲ್ಲ. ಆ ಹುಡುಗಿಯ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಆಕೆ ಅಲ್ಲಿ ಇದ್ದಿರಬಹುದು... ನನ್ನ ಪಕ್ಕದಲ್ಲೇ ಹಾದು ಒಳಗೆ ಹೋಗಿರಬಹುದು. ಯಾರನ್ನೂ ಕೇಳಲಿಲ್ಲ. ಹೆಣ ಎತ್ತುವಾಗ ಎಲ್ಲರೂ ಒಟ್ಟಿಗೆ ಗೇಟಿನ ತನಕ ಬಂದು ನಿಂತರು.

ಬೆಳ್ತಂಗಡಿ ಕಡೆ ಈಗಲೂ ಜೂನಿನಲ್ಲಿ ಕೆಲವು ಹುಡುಗಿಯರು ಶಾಲೆಗೆ ಬರುವುದಿಲ್ಲ. ಮೊದಲು ಅವರ ಹೆಸರು ನನಗಿಂತ ಮುಂಚೆ ಟೀಚರಿಗೆ ಗೊತ್ತಿರುತ್ತಿತ್ತು. ಈ ಜೂನಿನಲ್ಲಿ ಯಾರಿಗೆ ಗೊತ್ತಿತ್ತು ಎಂದು ನನಗೆ ತಿಳಿದಿಲ್ಲ. ಏಜೆಂಟ್ ಊರಿನಲ್ಲೇ ಇದ್ದಾನೆ, ಪುಸ್ತಕ ಹಂಚುವುದನ್ನು ಮತ್ತೆ ಶುರು ಮಾಡಿದ್ದಾನೆ.

ಹುಡುಗಿ ಹತ್ತನೇ ತರಗತಿಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ಪಾಸಾಗಿದ್ದಾಳೆ. ಈಗ ಆಕೆಗೆ ಇಪ್ಪತ್ತೈದು. ಖುಲಾಸೆಯ ವಿರುದ್ಧ ಹೈಕೋರ್ಟಿನಲ್ಲಿ ಮೇಲ್ಮನವಿ ದಾಖಲಾಗಿದೆ. ಸಲ್ಲಿಸಿದವಳು ಆಕೆಯೇ. ವಿಚಾರಣೆಯ ದಿನ ಇನ್ನೂ ನಿಗದಿಯಾಗಿಲ್ಲ.